ಬೆಕ್ಕು ಹುಲಿಗೆ ಕಲಿಸದ ಪಾಠ

ಬೆಕ್ಕು ಹುಲಿಗೆ ಎಲ್ಲ ವಿದ್ಯೆಯನ್ನೂ ಕಲಿಸಿತಂತೆ, ಮರ ಹತ್ತುವುದೊಂದನ್ನು ಬಿಟ್ಟು. ಪಾಠ ಮುಗಿದ ದಿನ ಹುಲಿ ಗುರುವಿನ ಮೇಲೆಯೇ ಹಾರಿತು. ಬೆಕ್ಕು ಮರ ಹತ್ತಿ ಜೀವ ಉಳಿಸಿಕೊಂಡಿತು. ಅಜ್ಜಿಯರು ಹೇಳುವ ಈ ಕತೆ ಕೇಳಿದವರೆಲ್ಲ ಹುಲಿಯನ್ನು ಬೈಯುತ್ತಾರೆ, ಬೆಕ್ಕಿನ ಜಾಣತನಕ್ಕೆ ತಲೆದೂಗುತ್ತಾರೆ. ಆದರೆ ಅದೇ ಜನ ಮುಂದೆ ಒಂದು ಅಂಗಡಿಯನ್ನೋ ಕಚೇರಿಯನ್ನೋ ಸಂಘವನ್ನೋ ನಡೆಸುವ ಜಾಗಕ್ಕೆ ಬಂದಾಗ ಮಾತು ಬದಲಾಗುತ್ತದೆ. "ನಮ್ಮ ಕೆಲಸಗಾರರು ಗೊತ್ತಿದ್ದನ್ನು ಒಬ್ಬರಿಗೊಬ್ಬರು ಹೇಳಿಕೊಡುವುದಿಲ್ಲ, ಬಚ್ಚಿಟ್ಟುಕೊಳ್ಳುತ್ತಾರೆ" ಎಂದು ದೂರುತ್ತಾರೆ. ಬೆಕ್ಕು ಯಾಕೆ ಬಚ್ಚಿಟ್ಟುಕೊಂಡಿತು ಎಂಬ ಪ್ರಶ್ನೆ ಆಗ ಯಾರಿಗೂ ನೆನಪಾಗುವುದಿಲ್ಲ.

ವಿದ್ಯೆ ಹಂಚಿದಷ್ಟೂ ಹೆಚ್ಚುತ್ತದೆ ಎನ್ನುವುದು ಶಾಲೆಯ ಗೋಡೆಯ ಮೇಲಿನ ಮಾತು. ದುಡಿದು ತಿನ್ನುವ ಜಾಗದಲ್ಲಿ ಆ ಮಾತು ಹಾಗೆಯೇ ನಡೆಯುವುದಿಲ್ಲ. ಅಲ್ಲಿ ಎಷ್ಟೋ ಜನರಿಗೆ ತಾವು ತಿಳಿದುಕೊಂಡಿರುವುದೇ ಇನ್ಶೂರೆನ್ಸು, ಅದೇ ಪಿಂಚಣಿ. ಅದನ್ನು ಕೊಟ್ಟುಬಿಟ್ಟರೆ ನಾಳೆ ತಮ್ಮನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂಬ ಭಯ ಇರುವವರೆಗೂ ಯಾವ ಉಪದೇಶವೂ ಕೆಲಸ ಮಾಡುವುದಿಲ್ಲ.

ಹಾಸನದಲ್ಲಿ ನಾನು ಗಾಡಿ ರಿಪೇರಿಗೆ ಕೊಡುವ ಒಂದು ಗ್ಯಾರೇಜಿದೆ. ಅಲ್ಲಿನ ಉಸ್ತಾದರಿಗೆ ಅರವತ್ತು ದಾಟಿದೆ. ಉದ್ದನೆಯ ಸ್ಕ್ರೂಡ್ರೈವರನ್ನು ಇಂಜಿನ್ನಿನ ಮೇಲಿಟ್ಟು, ಅದರ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಡಾಕ್ಟರು ಎದೆಬಡಿತ ಕೇಳಿದ ಹಾಗೆ ಕೇಳುವವರು. 2020ರ ಏಪ್ರಿಲ್‌ನಿಂದ ದೇಶದಲ್ಲಿ ಬಿಎಸ್-6 ಗಾಡಿಗಳು ಬಂದವಲ್ಲ, ಅಲ್ಲಿಂದೀಚೆಗೆ ಸೆನ್ಸರುಗಳದ್ದೇ ರಾಜ್ಯ. ಹೊಳೆನರಸೀಪುರದಿಂದ ದಿನಾ ಬಂದುಹೋಗುವ ಒಬ್ಬ ಐಟಿಐ ಹುಡುಗನನ್ನು ಗ್ಯಾರೇಜಿನ ಮಾಲೀಕ ಕೆಲಸಕ್ಕೆ ಸೇರಿಸಿಕೊಂಡ. ಅವನ ಕೈಯಲ್ಲಿ ಸ್ಕ್ಯಾನರ್. ಗಾಡಿಗೆ ಸಿಕ್ಕಿಸಿದರೆ ಯಾವ ಭಾಗದಲ್ಲಿ ತೊಂದರೆ ಎಂದು ಅದು ಕೋಡ್ ತೋರಿಸುತ್ತದೆ.

ಒಂದು ಸಣ್ಣ ಪೆಟ್ರೋಲ್ ಗೂಡ್ಸ್ ಗಾಡಿ ಬಂತು. ಸ್ಕ್ಯಾನರ್ ಆಕ್ಸಿಜನ್ ಸೆನ್ಸರ್ ಕಡೆ ಬೆರಳು ತೋರಿಸಿತು. ಹುಡುಗ ಸೆನ್ಸರ್ ಬದಲಾಯಿಸಿದ. ಎರಡು ದಿನಕ್ಕೆ ಅದೇ ದೀಪ ಮತ್ತೆ ಹತ್ತಿಕೊಂಡಿತು. ಗಾಡಿಯವನು ಬಂದು ಕೂಗಾಡಿದ. ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಉಸ್ತಾದರು ಎದ್ದು ಬಂದು, ಸೆನ್ಸರಿಗಿಂತ ಮುಂಚೆ ಸೈಲೆನ್ಸರ್ ಪೈಪು ಸೇರುವ ಜಾಗದಲ್ಲಿ ಕೈಯಿಟ್ಟು, "ಇಲ್ಲಿ ಲೀಕಿದೆ, ಹೊರಗಿನ ಗಾಳಿ ಒಳಗೆ ಎಳೆದುಕೊಳ್ತಿದೆ" ಎಂದರು. ಅಷ್ಟೇ ಆಗಿತ್ತು. ಒಳನುಗ್ಗಿದ ಗಾಳಿಯನ್ನು ಕಂಡು ಸೆನ್ಸರ್ ತಪ್ಪು ಲೆಕ್ಕ ಕೊಡುತ್ತಿತ್ತು.

"ಮೊದಲ ದಿನವೇ ಕೇಳಿಸಿತ್ತಾ ಉಸ್ತಾದ್?" ಎಂದು ಹುಡುಗ ಕೇಳಿದ.

"ಕೇಳಿಸಿತ್ತು ಬೇಟಾ."

"ಮತ್ತೆ ಹೇಳಬಾರದಿತ್ತಾ?"

"ನೀನು ಕೇಳಲಿಲ್ಲ."

ಹುಡುಗ ಗಾಡಿ ತೊಳೆಯುವ ಕಡೆ ಹೋದ ಮೇಲೆ ಉಸ್ತಾದರು ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದರು: "ಭಾಯ್, ಮಿಷನ್ ಅವನ ಹತ್ತಿರ ಇದೆ. ನನ್ನ ಕಿವಿಯನ್ನೂ ಅವನಿಗೇ ಕೊಟ್ಟುಬಿಟ್ಟರೆ, ನನ್ನನ್ನು ಇಲ್ಲಿ ಯಾಕೆ ಇಟ್ಟುಕೊಳ್ತಾರೆ?"

ಅವರ ಮಾತಿನಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ನೇರವಾದ ಲೆಕ್ಕವಿತ್ತು. ಮಾಲೀಕ ಒಳ್ಳೆಯವನು, ಲೆಕ್ಕವನ್ನೇ ಬದಲಾಯಿಸಿದ. ಇಬ್ಬರೂ ಕೂಡಿ ನೋಡಿದ ಗಾಡಿಯ ಕೂಲಿಯಲ್ಲಿ ಇಬ್ಬರಿಗೂ ಪಾಲು, ಅದೇ ಗಾಡಿ ಅದೇ ತೊಂದರೆಗೆ ತಿರುಗಿ ಬಂದರೆ ಇಬ್ಬರಿಗೂ ಇಲ್ಲ. ಈಗ ಉಸ್ತಾದರು ಹುಡುಗನ ಕಿವಿಗೆ ಸ್ಕ್ರೂಡ್ರೈವರ್ ಹಿಡಿಸುತ್ತಾರೆ. ಹುಡುಗ ಅವರಿಗೆ ಸ್ಕ್ಯಾನರಿನ ಇಂಗ್ಲಿಷ್ ಓದಿ ಹೇಳುತ್ತಾನೆ. ಇಬ್ಬರ ಸ್ವಭಾವ ಬದಲಾಯಿತು ಎಂದು ನನಗನ್ನಿಸುವುದಿಲ್ಲ. ಹೇಳಿಕೊಟ್ಟವನಿಗೆ ನಷ್ಟವಾಗದ ಏರ್ಪಾಡು ಬಂತು, ಅಷ್ಟೇ.

ಜ್ಞಾನವನ್ನು ಮುಚ್ಚಿಟ್ಟವನಿಗೆ ಪರಲೋಕದಲ್ಲಿ ಬೆಂಕಿಯ ಕಡಿವಾಣ ಎಂಬ ಅರ್ಥದ ಹದೀಸನ್ನು ನಮ್ಮ ಪ್ರವಚನಗಳಲ್ಲಿ ಆಗಾಗ ಕೇಳುತ್ತೇವೆ. ಮುಖ್ಯವಾಗಿ ಧರ್ಮದ ತಿಳಿವಳಿಕೆಯ ಬಗ್ಗೆ ಬಂದ ಎಚ್ಚರಿಕೆ ಅದು. ಅದನ್ನು ಕೇಳಿಸಿಕೊಂಡು ಮುಚ್ಚಿಟ್ಟವನ ಕಡೆ ಬೆರಳು ತೋರಿಸುವುದು ಸುಲಭ. ಕೇಳಬೇಕಾದವನು ಹೇಗಿರಬೇಕು ಎನ್ನುವುದಕ್ಕೂ ನಮ್ಮ ಪರಂಪರೆಯಲ್ಲಿ ಒಂದು ದೊಡ್ಡ ಉದಾಹರಣೆಯಿದೆ. ಅದನ್ನು ನಾವು ಅಷ್ಟಾಗಿ ಹೇಳುವುದಿಲ್ಲ.

ಮದೀನಾದ ತೋಟಗಾರರು ಗಂಡು ಖರ್ಜೂರದ ಹೂವಿನ ಪರಾಗವನ್ನು ಹೆಣ್ಣು ಮರಕ್ಕೆ ಕೈಯಾರೆ ಸೇರಿಸುತ್ತಿದ್ದರು. ಇದರಿಂದ ಪ್ರಯೋಜನವಿದೆಯೆಂದು ತನಗನ್ನಿಸುವುದಿಲ್ಲ ಎಂಬಂಥ ಮಾತನ್ನು ಪ್ರವಾದಿ(ಸ) ಹೇಳಿದಾಗ ಅವರು ಅದನ್ನು ನಿಲ್ಲಿಸಿದರು. ಫಸಲು ಕೆಟ್ಟಿತು. ಸುದ್ದಿ ತಿಳಿದಾಗ ಪ್ರವಾದಿಯವರು ತೋಟಗಾರರನ್ನು ಆಕ್ಷೇಪಿಸಲಿಲ್ಲ. ಅದು ತನ್ನ ಅನಿಸಿಕೆಯಷ್ಟೇ ಆಗಿತ್ತು, ನಿಮ್ಮ ಲೌಕಿಕ ಕಸುಬಿನ ವಿಷಯ ನಿಮಗೇ ಚೆನ್ನಾಗಿ ಗೊತ್ತು ಎಂಬ ಅರ್ಥದಲ್ಲಿ ಮಾತಾಡಿದರು. ಸಹೀಹ್ ಮುಸ್ಲಿಂನಲ್ಲಿ ಈ ಪ್ರಸಂಗ ದಾಖಲಾಗಿದೆ. ಒಂದು ಸಮುದಾಯದ ಅತ್ಯುನ್ನತ ನಾಯಕ, ಮಣ್ಣು ಮುಟ್ಟಿದ ಕೈಗೆ ತನಗಿಂತ ಹೆಚ್ಚು ಗೊತ್ತು ಎಂದು ಎಲ್ಲರೆದುರು ಒಪ್ಪಿಕೊಂಡ ಸಂದರ್ಭವಿದು. ಮೇಲಿನವರು ಹೀಗೆ ಒಪ್ಪಿಕೊಳ್ಳುವ ಕಡೆ ಕೆಳಗಿನವರು ಬಾಯಿ ಬಿಡುತ್ತಾರೆ. ಕ್ರಿ.ಶ. 627ರಲ್ಲಿ ಮದೀನಾಕ್ಕೆ ಮುತ್ತಿಗೆಯ ಭೀತಿ ಬಂದಾಗ, ಪರ್ಷಿಯಾದಿಂದ ಬಂದ ಸಲ್ಮಾನ್ ಫಾರ್ಸಿ ತಮ್ಮ ನಾಡಿನ ಕ್ರಮದಂತೆ ಕಂದಕ ತೋಡುವ ಸಲಹೆ ಕೊಟ್ಟದ್ದೂ, ಅದು ಒಪ್ಪಿಗೆಯಾದದ್ದೂ ಇದೇ ವಾತಾವರಣದಲ್ಲಿ.

ನಮ್ಮ ಜಿಲ್ಲೆಯಲ್ಲಿ ಈ ಒಪ್ಪಿಗೆ ಇಲ್ಲದೆ ಹೋದದ್ದಕ್ಕೆ ಎಷ್ಟು ಬೆಲೆ ತೆರಬೇಕಾಯಿತು ಎಂದು ತಿಳಿಯಲು ಆಲೂಗಡ್ಡೆಯ ಕತೆ ನೋಡಬೇಕು.

ನನ್ನ ಅಬ್ಬಾ ಹಾಸನದ ಒಂದು ಆಲೂಗಡ್ಡೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಹಾಸನದ ಬೆಳೆಗಾರರಿಗೆ ಬಿತ್ತನೆ ಗಡ್ಡೆ ಬರುವುದು ಬಹುಮಟ್ಟಿಗೆ ಪಂಜಾಬಿನ ಜಲಂಧರ್ ಕಡೆಯಿಂದ. ಲಾರಿಗಳಲ್ಲಿ ಬಂದ ಚೀಲಗಳು ಇಲ್ಲಿನ ಶೀತಲಗೃಹಗಳಲ್ಲಿ ಕೂತು, ಮುಂಗಾರಿನ ಮುಂಚೆ ಮಾರಾಟಕ್ಕೆ ಹೊರಬರುತ್ತವೆ. ಉತ್ತರದಲ್ಲಿ ಚಳಿಗಾಲಕ್ಕೆ ಬೆಳೆಯುವುದನ್ನು ನಮ್ಮವರು ಮಳೆಗಾಲಕ್ಕೆ ಬೆಳೆಯುತ್ತಾರೆ. ಆಗಸ್ಟ್-ಸೆಪ್ಟೆಂಬರಿನಲ್ಲಿ ಬೇರೆ ಕಡೆ ಹೊಸ ಗಡ್ಡೆ ಕಡಿಮೆ ಇರುವಾಗ ಹಾಸನದ್ದು ಬರುವುದರಿಂದ ಬೆಲೆ ಸಿಗುತ್ತಿತ್ತು. ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಎಷ್ಟೋ ಮನೆಗಳ ಮದುವೆ, ಮಕ್ಕಳ ಫೀಸು ಎಲ್ಲ ಈ ಮೂರು ತಿಂಗಳ ಬೆಳೆಯ ಮೇಲೆ ನಿಂತಿದ್ದವು.

ಅಬ್ಬಾ ಮಂಡಿಯ ದೊಡ್ಡ ಖಾತೆಯ ಜೊತೆಗೆ ತಮ್ಮದೇ ಒಂದು ಚಿಕ್ಕ ಪುಸ್ತಕ ಇಟ್ಟುಕೊಂಡಿದ್ದರು. ಉರ್ದುವಿನಲ್ಲಿ ಬರೆದದ್ದು. ಯಾವ ಗುರುತಿನ ಚೀಲ ಯಾವ ವರ್ಷ ಬಂತು, ಬಿಚ್ಚಿದಾಗ ವಾಸನೆ ಹೇಗಿತ್ತು, ಕೊಣನೂರಿನವರು ಬಂದು ಏನು ಬೈದರು, ಹಳ್ಳಿಮೈಸೂರಿನವರು ಯಾವ ಚೀಲವನ್ನೇ ಮತ್ತೆ ಕೇಳಿಕೊಂಡು ಬಂದರು, ಇಂಥವೇ ಟಿಪ್ಪಣಿಗಳು. ಅದನ್ನು ಯಾರೂ ಅವರಿಂದ ಕೇಳಲಿಲ್ಲ. ಅವರೂ ಹೇಳಲಿಲ್ಲ. ರೈತರಿಗೆ ಹೇಳಿದರೆ ಕೆಲಸ ಹೋಗುತ್ತದೆ. ಮಾಲೀಕರಿಗೆ ಹೇಳಿದರೆ, "ಮುನ್ಷಿಗಳೇ, ನಿಮ್ಮ ಕೆಲಸ ಲೆಕ್ಕ ಬರೆಯೋದು" ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಅವರು ಕೆಲಸ ಬಿಟ್ಟ ದಿನ ಆ ಪುಸ್ತಕವೂ ಅವರ ಜೇಬಿನಲ್ಲಿ ಮನೆಗೆ ಬಂತು.

ಅಬ್ಬಾರ ಒಬ್ಬರ ಪುಸ್ತಕದಿಂದ ಜಿಲ್ಲೆಯ ಬೆಳೆ ಉಳಿಯುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಆಗ ಯಾರ್ಯಾರಿಗೆ ಏನೇನು ಗೊತ್ತಿತ್ತು ಎಂದು ಒಮ್ಮೆ ಯೋಚಿಸಿ ನೋಡಿ. ಗಡ್ಡೆ ಎಲ್ಲಿಂದ ಬಂತು ಎಂಬುದು ವ್ಯಾಪಾರಿಗೆ ಗೊತ್ತು. ಯಾವ ಚೀಲ ಬೇಗ ಕೊಳೆಯಿತು ಎಂಬುದು ಶೀತಲಗೃಹದ ಹಮಾಲಿಗೆ ಗೊತ್ತು. ಬಿತ್ತುವ ಮುಂಚೆ ಗಡ್ಡೆಯನ್ನು ಕಣ್ಣುಗಳ ಲೆಕ್ಕದಲ್ಲಿ ಕತ್ತರಿಸುವ ಹೆಣ್ಣಾಳಿಗೆ, ಯಾವ ಗಡ್ಡೆಯ ಒಳಗೆ ಕಂದು ಕಲೆಯಿದೆ ಎಂಬುದು ಎಲ್ಲರಿಗಿಂತ ಮೊದಲು ಕಾಣುತ್ತದೆ. ಒಂದು ರೋಗದ ಗಡ್ಡೆ ಕೊಯ್ದ ಕುಡುಗೋಲಿನಲ್ಲೇ ಮುಂದಿನದನ್ನೂ ಕೊಯ್ದರೆ ರೋಗ ದಾಟುತ್ತದೆ ಎಂಬುದು ವಿಜ್ಞಾನಿಗೆ ಗೊತ್ತು. ಮಂಜು ಯಾವ ತಗ್ಗಿನಲ್ಲಿ ನಿಲ್ಲುತ್ತದೆ ಎಂಬುದು ರೈತನಿಗೆ ಗೊತ್ತು. ಯಾವ ಔಷಧಿಯನ್ನು ಜನ ಎರಡನೇ ಸಲ, ಮೂರನೇ ಸಲ ಒಯ್ಯುತ್ತಿದ್ದಾರೆ, ಅಂದರೆ ಯಾವುದು ಕೆಲಸ ಮಾಡುತ್ತಿಲ್ಲ ಎಂಬುದು ಔಷಧಿ ಅಂಗಡಿಯವನಿಗೆ ಗೊತ್ತು. ಒಂದೇ ಬೆಳೆಯ ಮೇಲೆ ಬದುಕುವ ಇವರೆಲ್ಲ ನಿಜಕ್ಕೂ ಒಂದೇ ತಂಡದವರು. ಆದರೆ ಇವರೆಲ್ಲರನ್ನೂ ಒಟ್ಟಿಗೆ ಕೂರಿಸುವ ಒಂದು ಜಗಲಿ ಇರಲಿಲ್ಲ.

ಅಂಗಮಾರಿ ರೋಗಕ್ಕೆ ಬೇಕಾದದ್ದು ಇಂಥ ಮೌನವೇ. 1845ರಲ್ಲಿ ಐರ್ಲೆಂಡಿನ ಬೆಳೆಯನ್ನು ನಾಶ ಮಾಡಿ, ಮುಂದಿನ ವರ್ಷಗಳಲ್ಲಿ ಸುಮಾರು 10 ಲಕ್ಷ ಜನರ ಸಾವಿಗೆ ಕಾರಣವಾದ ರೋಗವದು. ಮೋಡ, ತಂಪು, ಜಿಟಿಜಿಟಿ ಮಳೆ ಸೇರಿದರೆ ಕೆಲವೇ ದಿನಗಳಲ್ಲಿ ಹಸಿರು ಹೊಲ ಸುಟ್ಟ ಹಾಗಾಗುತ್ತದೆ. ನಮ್ಮಲ್ಲಿ ಹೆಚ್ಚಾಗಿ ಬೆಳೆಯುತ್ತಿದ್ದ ಕುಫ್ರಿ ಜ್ಯೋತಿ 1960ರ ದಶಕದಲ್ಲಿ ಬಿಡುಗಡೆಯಾದ ತಳಿ. ಕಾಲ ಕಳೆದಂತೆ ಅದು ರೋಗ ತಡೆಯುವ ಶಕ್ತಿ ಕಳೆದುಕೊಂಡಿತ್ತು. 2009-10ರ ಸುಮಾರಿಗೆ ದಕ್ಷಿಣ ಭಾರತದ ಆಲೂಗಡ್ಡೆ, ಟೊಮೆಟೊ ಹೊಲಗಳಲ್ಲಿ ರೋಗ ಉಗ್ರವಾಗಿ ಹಬ್ಬಿತು. ಯುರೋಪಿನಲ್ಲಿ ಮೊದಲೇ ಕಾಣಿಸಿಕೊಂಡಿದ್ದ, 13_ಎ2 ಎಂದು ಕರೆಯುವ ಹೊಸ ವಂಶದ ರೋಗಾಣು ಇಲ್ಲಿಗೂ ಬಂದಿತ್ತೆಂದೂ, ರೈತರು ನಂಬಿದ್ದ ಮೆಟಲಾಕ್ಸಿಲ್ ಎಂಬ ಔಷಧಿಗೆ ಅದು ಬಗ್ಗುತ್ತಿರಲಿಲ್ಲವೆಂದೂ ವಿಜ್ಞಾನಿಗಳು ಆಮೇಲೆ ಗುರುತಿಸಿದರು. ಅಷ್ಟರಲ್ಲಿ ಎಷ್ಟೋ ರೈತರು ಅದೇ ಔಷಧಿಯನ್ನು ಸಾಲ ಮಾಡಿ ಹೊಡೆದಿದ್ದರು. ಈಗ ಅಂಥ ಎಷ್ಟೋ ಹೊಲಗಳಲ್ಲಿ ಶುಂಠಿ ಇದೆ, ಮುಸುಕಿನ ಜೋಳ ಇದೆ.

ಇದೇ ಹಾಸನ ಊರಿನಲ್ಲಿ 1982ರಿಂದ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರವಿದೆ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಅಲ್ಲಿ ಹಗಲೂ ರಾತ್ರಿ ಪಾಳಿಯಲ್ಲಿ ನೋಡಿಕೊಳ್ಳುತ್ತಾರೆ. ರಾತ್ರಿ ಪಾಳಿಯವರು ಕಂಡದ್ದನ್ನು ಬೆಳಗಿನ ಪಾಳಿಯವರಿಗೆ ಹೇಳದೆ ಹೋದರೆ ಅಂಥ ಕೆಲಸ ಒಂದು ದಿನವೂ ನಡೆಯದು. ಅಲ್ಲಿ ತಿಳಿಸುವುದೂ ಕೆಲಸದ ಒಂದು ಭಾಗ. ಮಂಡಿಯಲ್ಲಿ, ಹೊಲದಲ್ಲಿ, ನಮ್ಮ ಬಹುಪಾಲು ಕಚೇರಿಗಳಲ್ಲಿ ಅದು ಅಧಿಕಪ್ರಸಂಗ.

ಹಿಂದೆ ಹಳ್ಳಿಯಲ್ಲಿ ಹೀಗಿರಲಿಲ್ಲ ಎಂದು ಹಳಬರು ಹೇಳಿದರೆ ಪೂರ್ತಿ ಒಪ್ಪಬೇಕಾಗಿಲ್ಲ. ಜಾತಿಯ ಗೋಡೆಗಳು ಆಗ ಇನ್ನೂ ಎತ್ತರವಾಗಿದ್ದವು. ಕಸುಬಿನ ಗುಟ್ಟು ಕುಲದ ಹೊರಗೆ ದಾಟುತ್ತಿರಲಿಲ್ಲ. ಆದರೂ ಮುಯ್ಯಾಳು ಎಂಬ ಒಂದು ಒಳ್ಳೆಯ ಪದ್ಧತಿ ಇತ್ತು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿ ಉಳಿಯುತ್ತಿತ್ತು ಎಂಬುದಷ್ಟೇ ಅದರ ಲಾಭವಲ್ಲ. ಹತ್ತು ಮನೆಯವರು ಹತ್ತು ಹೊಲದಲ್ಲಿ ಬಗ್ಗಿ ಕೆಲಸ ಮಾಡುವಾಗ ಯಾರ ಬೀಜ ಹೇಗಿದೆ, ಯಾರ ಬದುವಿನಲ್ಲಿ ಯಾವ ಹುಳ ಬಿದ್ದಿದೆ ಎಂಬುದು ತಾನಾಗಿಯೇ ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ಅರಕಲಗೂಡು ತಾಲ್ಲೂಕಿನ ಹೊಗೆಸೊಪ್ಪಿನ ಬ್ಯಾರನ್ನುಗಳನ್ನು ನೋಡಿದವರಿಗೆ ಇದು ಗೊತ್ತು. ಎಲೆ ಹಳದಿಗೆ ತಿರುಗುವಾಗ ಎಷ್ಟು ಕಾವು, ಎಲೆ ಒಣಗುವಾಗ ಎಷ್ಟು, ನಡುವಿನ ದಂಟು ಒಣಗುವಾಗ ಎಷ್ಟು ಎಂಬ ಹದವನ್ನು ಪುಸ್ತಕ ನೋಡಿ ಕಲಿಯುವುದು ಕಷ್ಟ. ರಾತ್ರಿ ಪಕ್ಕದವನ ಬ್ಯಾರನ್ನಿನ ಮುಂದೆ ಬೆಂಕಿ ಕಾಯುತ್ತಾ ಕೂತಾಗ ಬರುತ್ತದೆ. ಕೆಲಸ ಕೂಡಿ ಮಾಡಿದರೆ ವಿದ್ಯೆ ಅದರ ಬೆನ್ನಿಗೇ ಬರುತ್ತದೆ. ಕೆಲಸವನ್ನು ಬೇರೆ ಬೇರೆ ಕೋಣೆಗೆ ಹಂಚಿ, ತಿಂಗಳಿಗೊಮ್ಮೆ ಸಭೆ ಕರೆದು, "ಎಲ್ಲರೂ ನಿಮ್ಮ ಅನುಭವ ಹಂಚಿಕೊಳ್ಳಿ" ಎಂದರೆ ಬರುವುದು ಬಿಸ್ಕತ್ತು, ಚಹಾ, ಚಪ್ಪಾಳೆ ಮಾತ್ರ.

ಹಾಸನದ ಆಲೂಗಡ್ಡೆಯ ಕತೆ ಅಲ್ಲಿಗೇ ಮುಗಿಯಲಿಲ್ಲ ಎನ್ನುವುದು ಸಮಾಧಾನದ ಸಂಗತಿ. ವಿಯೆಟ್ನಾಮಿನ ದಲಾತ್ ಎಂಬ ಗುಡ್ಡಗಾಡಿನಲ್ಲಿ, 1980ರ ಆಸುಪಾಸಿನಲ್ಲಿ, ರೈತರು ಒಂದು ಹೊಸ ದಾರಿ ಹಿಡಿದಿದ್ದರು. ಪ್ರಯೋಗಾಲಯದಲ್ಲಿ ಅಂಗಾಂಶ ಕೃಷಿಯಿಂದ ಬೆಳೆಸಿದ ರೋಗವಿಲ್ಲದ ಪುಟ್ಟ ಸಸಿಗಳನ್ನು ತಂದು, ಅವುಗಳ ತುದಿ ಕುಡಿಗಳನ್ನು ಕತ್ತರಿಸಿ ಬೇರು ಬರಿಸಿ, ಒಂದರಿಂದ ಹಲವು ಗಿಡ ಮಾಡಿಕೊಳ್ಳುವ ಕ್ರಮ ಅದು. ವಿಜ್ಞಾನಿಗಳ ಕೈಯಲ್ಲಿದ್ದ ಅಂಗಾಂಶ ಕೃಷಿಯನ್ನು ಅಲ್ಲಿನ ಕೆಲವು ರೈತ ಕುಟುಂಬಗಳು ತಮ್ಮ ಮನೆಯಲ್ಲೇ ಮಾಡುವುದನ್ನು ಕಲಿತವು. ಆ ಕುಡಿ ಸಸಿಯ ಕ್ರಮ 2010ರ ದಶಕದ ಕೊನೆಯ ಹೊತ್ತಿಗೆ ಹಾಸನಕ್ಕೂ ಬಂತು. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ, ಹಾಸನದ ಸೋಮನಹಳ್ಳಿ ಕಾವಲಿನ ಸಂಶೋಧನಾ ಕೇಂದ್ರ, ಪೆರುವಿನ ಲಿಮಾದಲ್ಲಿರುವ ಅಂತಾರಾಷ್ಟ್ರೀಯ ಆಲೂಗಡ್ಡೆ ಕೇಂದ್ರದ ಜೊತೆ ಸೇರಿ ಇದನ್ನು ರೈತರ ಮುಂದಿಟ್ಟಿತು. ಸಸಿ ಬೆಳೆಸುವುದು ತೆಂಗಿನ ನಾರಿನ ಪುಡಿಯಲ್ಲಿ. ಅದು ಚನ್ನರಾಯಪಟ್ಟಣದ ಕಡೆಯವರಿಗೆ ಹೊಸದೇನಲ್ಲ. ಕುಡಿ ನೆಟ್ಟು ಬೆಳೆದ ಗಡ್ಡೆಯನ್ನೇ ಮುಂದಿನ ಬಿತ್ತನೆಗೆ ಇಟ್ಟುಕೊಳ್ಳಬಹುದು. ರೈತರೇ ನರ್ಸರಿ ಮಾಡಿ ಸಸಿ ಮಾರುವ ಪ್ರಯತ್ನವೂ ನಡೆದಿದೆ.

ಇದರಿಂದ ಎಲ್ಲ ಸರಿಹೋಗಿ ಹಳೆಯ ದಿನ ತಿರುಗಿ ಬಂತು ಎಂದಲ್ಲ. ನನಗೆ ಇದರಲ್ಲಿ ಮುಖ್ಯವೆನಿಸುವುದು ಬೇರೆ. ಕುಡಿ ಸಸಿಯನ್ನು ಲ್ಯಾಬಿನೊಳಗೆ ಇಟ್ಟುಕೊಂಡರೆ ಪ್ರಯೋಜನವಿಲ್ಲ. ಅದನ್ನು ಹೊಲಕ್ಕೆ ಇಳಿಸಬೇಕು. ಹೊಲಕ್ಕೆ ಇಳಿದ ಮೇಲೆ ನೆಡುವ ಹೊತ್ತು, ಮಣ್ಣು ಏರಿಸುವ ಬಗೆ, ಮೊದಲ ವಾರದ ನೀರು ಇವೆಲ್ಲ ಕೈಯಲ್ಲಿ ಮಾಡುವವರೇ ಹೇಳಬೇಕಾದ ವಿಷಯಗಳು. ಅಂದರೆ ವಿಜ್ಞಾನಿ ಕೇಳುವವನಾಗಬೇಕು, ರೈತ ಹೇಳುವವನಾಗಬೇಕು. ನರ್ಸರಿ ಮಾಡಿದ ರೈತನಿಗೆ ಅದರಿಂದ ನಾಲ್ಕು ಕಾಸು ಸಿಗುವುದರಿಂದ, ಹೇಳಿಕೊಟ್ಟರೆ ನಷ್ಟ ಎಂಬ ಭಯವೂ ಕಡಿಮೆ.

ಹಣದಷ್ಟೇ ದೊಡ್ಡದು ಹೆಸರು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯವಿದೆ. ಹೊಯ್ಸಳರ ಕಾಲದ ಇಬ್ಬರು ದೊಡ್ಡ ಶಿಲ್ಪಿಗಳು ಅಲ್ಲಿ ಕೆಲಸ ಮಾಡಿದ್ದಾರೆ. ದಕ್ಷಿಣದ ಕಡೆ ಬೈಚೋಜ, ಉತ್ತರದ ಕಡೆ ಮಲ್ಲಿತಮ್ಮ. ಇಬ್ಬರ ಕೈಯ ರೀತಿ ಬೇರೆ, ಗುಡಿ ಒಂದೇ. ಹೊಯ್ಸಳರ ಶಿಲ್ಪಿಗಳು ತಾವು ಕಡೆದ ಮೂರ್ತಿಯ ಕೆಳಗೆ ತಮ್ಮ ಹೆಸರು ಕೊರೆಯುತ್ತಿದ್ದರು. ಕಟ್ಟಿಸಿದ ದಂಡನಾಯಕನ ಹೆಸರಿನ ಜೊತೆಗೆ ಕಡೆದವನ ಹೆಸರೂ ಉಳಿಯುತ್ತಿತ್ತು. ತನ್ನ ಹೆಸರು ಉಳಿಯುತ್ತದೆ ಎಂದು ಗೊತ್ತಿರುವ ಇಬ್ಬರು ಗುರುಗಳು ಒಂದೇ ಗೋಡೆಗೆ ಎರಡು ಕಡೆ ಉಳಿ ಹಿಡಿದು ನಿಲ್ಲಬಲ್ಲರು. ಇಂದಿನ ಕಚೇರಿಯಲ್ಲಿ ಕೆಳಗಿನವನು ಕೊಟ್ಟ ಉಪಾಯ ಮೇಲಿನವನ ಹೆಸರಲ್ಲಿ ವರದಿಯಾಗುತ್ತದೆ. ಒಮ್ಮೆ ಹಾಗಾದರೆ ಸಾಕು, ಎರಡನೇ ಉಪಾಯ ಆ ಬಾಯಿಯಿಂದ ಹೊರಡುವುದಿಲ್ಲ.

ನಮ್ಮವೇ ಸಂಸ್ಥೆಗಳತ್ತ ತಿರುಗಿ ನೋಡಿಕೊಂಡರೂ ಹೀಗೇ ಇದೆ. ಮಸೀದಿ ಕಮಿಟಿಯ ಲೆಕ್ಕ, ವಕ್ಫ್ ಜಾಗದ ಕಾಗದಪತ್ರ ಎಲ್ಲಿದೆ ಎಂಬುದು ಒಬ್ಬ ಹಿರಿಯರಿಗೆ ಮಾತ್ರ ಗೊತ್ತಿರುತ್ತದೆ. ಅವರು ತೀರಿಕೊಂಡ ಮೇಲೆ ಕೋರ್ಟು ಅಲೆದಾಟ. ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕುವುದು ಹೇಗೆ ಎಂಬುದು ಒಂದು ಹುಡುಗಿಗೆ ಗೊತ್ತು. ಮೊಹಲ್ಲಾದ ಅಷ್ಟೂ ಮನೆಯವರು ಅವಳ ಬಾಗಿಲು ತಟ್ಟುತ್ತಾರೆ, ಆದರೆ ಅವಳ ಜೊತೆ ಇನ್ನೊಬ್ಬಳನ್ನು ಕೂರಿಸಿ ಕಲಿಸುವ ಯೋಚನೆ ಯಾರಿಗೂ ಬರುವುದಿಲ್ಲ. ಪರಸ್ಪರ ಸಮಾಲೋಚನೆಯ ಹೆಸರನ್ನೇ ಹೊತ್ತ ಅಶ್ಶೂರಾ ಎಂಬ ಅಧ್ಯಾಯವಿರುವ ಕುರ್‌ಆನನ್ನು ಓದುವ ನಾವು, ಸಮಾಲೋಚನೆ ಎಂದರೆ ನಾಲ್ಕು ಹಿರಿಯ ಗಂಡಸರು ಕೂತು ಮಾತಾಡುವುದು ಎಂದುಕೊಂಡುಬಿಟ್ಟಿದ್ದೇವೆ.

ಮಾಡಬೇಕಾದದ್ದು ಅಂಥ ಕಷ್ಟದ್ದೇನಲ್ಲ. ಕೆಲಸ ಕೆಟ್ಟಾಗ "ಯಾರು ಮಾಡಿದ್ದು" ಎನ್ನುವ ಮುಂಚೆ "ಯಾರಿಗೆ ಮೊದಲೇ ಕಂಡಿತ್ತು" ಎಂದು ಕೇಳಬೇಕು. ಕಂಡವನು ಹೇಳಿದ್ದಕ್ಕೆ ಶಿಕ್ಷೆಯಾಗಬಾರದು. ಹೇಳಿದವನ ಹೆಸರು ಹೇಳಬೇಕು. ಹಿರಿಯನು ಕಿರಿಯನಿಗೆ ಕಲಿಸಿದ ಹೊತ್ತನ್ನು ಸಂಬಳದ ಕೆಲಸವೆಂದೇ ಲೆಕ್ಕ ಹಿಡಿಯಬೇಕು. ಎಲ್ಲಕ್ಕಿಂತ ಮೊದಲು, ಕಸ ಗುಡಿಸುವವರಿಂದ ಹಿಡಿದು ಲೆಕ್ಕ ಬರೆಯುವವರವರೆಗೆ, ನಿಮಗೆ ಏನು ಗೊತ್ತು ಎಂದು ಬಾಯಿಬಿಟ್ಟು ಕೇಳಬೇಕು.

ಅಬ್ಬಾರ ಪುಸ್ತಕ ಈಗಲೂ ನನ್ನ ಬಳಿ ಇದೆ. ಅದರಲ್ಲಿರುವ ಗುರುತಿನ ಚೀಲಗಳು ಈಗ ಬರುವುದಿಲ್ಲ, ಆ ಮಾಹಿತಿಯಿಂದ ಇನ್ನು ಯಾರಿಗೂ ಉಪಯೋಗವಿಲ್ಲ. ಬಿತ್ತನೆಯ ಹೊತ್ತಿನಲ್ಲಿ ಹಾಸನದ ಮಾರುಕಟ್ಟೆಯ ಅಂಗಳದಲ್ಲಿ ಇಂಥದ್ದೇ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಚೀಲ ಹೊರುತ್ತಿರುವ ಒಬ್ಬನಾದರೂ ಇದ್ದೇ ಇರುತ್ತಾನೆ. ಅವನನ್ನು ಈ ವರ್ಷವೇ ಕೇಳಬೇಕು.